ಚಳಿಗಾಲದ ಹಬ್ಬ, ಬಿಸಿಲಲ್ಲಿ

ಡಿಸೆಂಬರ್ ಇಪ್ಪತ್ತೊಂದು. ಲೀಮಾದ ತಾರಸಿಗಳ ಮೇಲೆ
ಒಣಗಿದ ಬಟ್ಟೆ ತೆಗೆಯಲೂ ಮನಸ್ಸಾಗದಷ್ಟು ಬಿಸಿಲು.
ಒಳಗೆ ಅಮ್ಮ ಶುಂಠಿನೀರು ಕುದಿಸುತ್ತಿದ್ದಾಳೆ.
ವರ್ಷದ ಅತಿ ಉದ್ದದ ರಾತ್ರಿಯಂತೆ ಇದು.
ಪಂಚಾಂಗ ಕ್ಯಾಂಟನ್ನಿನದು, ಸೂರ್ಯ ಇಲ್ಲಿಯವನು;
ಅವನಿಗೆ ಯಾರೂ ತಿಳಿಸಿಲ್ಲ.

ಅಜ್ಜಿ ಹೇಳುತ್ತಿದ್ದಳು:
ಈ ದೇಶದಲ್ಲಿ ಎಲ್ಲ ತಲೆಕೆಳಗು,
ನನ್ನ ಹೊಟ್ಟೆಯೊಂದು ನೆಟ್ಟಗಿದೆ.
ಅದು ಹೇಳಿದ ದಿನ ಹಬ್ಬ.

ಅಂಟಕ್ಕಿಯ ಹಿಟ್ಟು, ಕೈ ಸುಡುವ ನೀರು.
ನಾದುತ್ತಾ ಒಮ್ಮೆ ಕಿವಿಯ ಹಾಲೆ ಮುಟ್ಟಬೇಕು, ಒಮ್ಮೆ ಹಿಟ್ಟು;
ಎರಡೂ ಒಂದೇ ಅನಿಸಿದಾಗ ನಿಲ್ಲಿಸಬೇಕು.
ಈ ಹದ ಅಜ್ಜಿ ಕಲಿಸಿದ್ದು ಮಗಳಿಗಲ್ಲ,
ಊವಾಚೋದ ಮೀನುಗಾರರ ಮನೆಯಿಂದ ಬಂದ ಸೊಸೆಗೆ,
ಮೂರು ವರ್ಷ ಮುಖ ಕೊಟ್ಟು ಮಾತಾಡಿಸದ ದೊಮಿತಿಲಾಗೆ.
ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ.
ಕಿವಿಗಳಿದ್ದವು.
ಅತ್ತೆ ಸೊಸೆಯ ಕಿವಿ ಹಿಂಡಿಯೇ ಹೇಳಿಕೊಟ್ಟಳಂತೆ.
ಮರುವರ್ಷ ಹಿಟ್ಟಿನ ಕೈಯಲ್ಲೇ
ಸೊಸೆ ಅತ್ತೆಯದನ್ನು ಹಿಂಡಿದಳು.
ಅಡುಗೆಮನೆಯಲ್ಲಿ ಮೊದಲ ನಗು ಅದು ಎನ್ನುತ್ತಿದ್ದ ಅಪ್ಪ.

ಬೆಲ್ಲ ಈ ಊರಿನದು, ಎಲೆಯಲ್ಲಿ ಸುತ್ತಿದ ಚಂಕಾಕ.
ಶುಂಠಿಗೆ ನಾನು ಸಂತೆಗೆ ಹೋದೆ.
ಕಾಡಿನ ಕಡೆಯಿಂದ ಬಂದ ಹೆಂಗಸು ಕೂಗುತ್ತಿದ್ದಳು:
ಕಿಯೋನ್! ಕಿಯೋನ್!
ಶುಂಠಿಗೆ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು.
ಅದು ಅಜ್ಜಿಯ ಊರಿನ ಮಾತೆಂದು ಅವಳಿಗೆ ಗೊತ್ತಿಲ್ಲ;
ಗೊತ್ತಾದರೂ ಬೆಲೆ ಇಳಿಸುವವಳಲ್ಲ.
ನಮ್ಮ ಮನೆಯಲ್ಲಿ ಉಳಿಯದ ಭಾಷೆಯ ಒಂದು ತುಂಡು
ಅವಳ ಬುಟ್ಟಿಯಲ್ಲಿ ಮಣ್ಣು ಮೆತ್ತಿಕೊಂಡು ಕೂತಿತ್ತು,
ಕಿಲೋಗೆ ಎಂಟು ಸೋಲ್.

ಎದುರುಮನೆಯ ಎರ್ಮೆಲಿಂದಾ
ಪನೆತೋನ್ ರೊಟ್ಟಿಯನ್ನೂ ಕೊತಕೊತ ಕುದಿವ ಚಾಕೊಲೇಟನ್ನೂ ಹೊತ್ತು ಬಂದಳು.
ಈ ಬೇಗೆಯಲ್ಲಿ ಅದನ್ನು ಕುಡಿಯುವ ಜನ
ನಮ್ಮ ಶುಂಠಿನೀರು ನೋಡಿ ನಗುವ ಹಾಗಿಲ್ಲ.
ಅವಳ ಜಗಲಿಯ ಗೋದಲಿಯಲ್ಲೂ
ಕುರಿಗಳ ಬೆನ್ನ ಮೇಲೆ ಹಿಮ ಬಿದ್ದಿದೆ,
ಔಷಧಿ ಅಂಗಡಿಯ ಹತ್ತಿ.

ಉಂಡೆ ತಿಂದವರಿಗೆ ಒಂದು ವಯಸ್ಸು ಹೆಚ್ಚು. ಇದು ನಿಯಮ.
ಆರು ವರ್ಷದ ನಾನು ಹದಿಮೂರು ನುಂಗಿ
ಈಗ ಹತ್ತೊಂಬತ್ತಾಯಿತು, ನನಗೆ ಮದುವೆ ಮಾಡಿ ಎಂದೆನಂತೆ.

ಒಂದು ವರ್ಷ ಅಜ್ಜಿ ಬಟ್ಟಲನ್ನು ಹಿಂದಕ್ಕೆ ತಳ್ಳಿದಳು.
ಎಂಬತ್ತಾರು ಸಾಕು, ಉಂಡೆ ಬೇಡ,
ಬರೀ ನೀರು ಹಾಕು.
ನಾವೆಲ್ಲ ನಕ್ಕೆವು. ಅಮ್ಮ ನಗಲಿಲ್ಲ.
ಸೌಟಿನಲ್ಲಿ ಒಂದೊಂದೇ ಉಂಡೆ ಎತ್ತಿ
ನನ್ನ ಬಟ್ಟಲಿಗೆ ಹಾಕಿದಳು.
ಫೆಬ್ರವರಿಯಲ್ಲಿ, ಹೊಸ ವರ್ಷದ ಪಟಾಕಿ ಕೊಂಡು
ಮಂಚದ ಕೆಳಗಿಟ್ಟಿದ್ದಾಗ
ಅಜ್ಜಿ ಹೋದಳು.
ಆ ಪಟಾಕಿ ಏನಾಯಿತೋ, ಯಾರಿಗೂ ನೆನಪಿಲ್ಲ.

ಈಗ ಅಪ್ಪನೂ ಇಲ್ಲ.
ಟೊರಾಂಟೊದಿಂದ ಅಪ್ಪನ ತಂಗಿ ಫೋನು ಮಾಡುತ್ತಾಳೆ ಬೇರೇನಕ್ಕೋ,
ಅಯ್ಯೋ ಇವತ್ತಾ, ಮರೆತೇಬಿಟ್ಟೆ ದೊಮಿತಿಲಾ, ಎನ್ನುತ್ತಾಳೆ.
ಅಲ್ಲಿ ಹೊರಗೆ ಮೊಣಕಾಲೆತ್ತರ ಹಿಮ, ನಿಜವಾದದ್ದು.

ನಾಲ್ಕು ಬಟ್ಟಲು ಮೇಜಿನ ಮೇಲೆ.
ಅಮ್ಮನದು, ನನ್ನದು, ಎರ್ಮೆಲಿಂದಾಳದು.
ಗೋಡೆಯ ಪಟದ ಕೆಳಗಿನದರಲ್ಲಿ ಉಂಡೆಯಿಲ್ಲ.
ಏಳು ವರ್ಷದಿಂದ ಅಜ್ಜಿಗೆ ಎಂಬತ್ತಾರೇ.

ಆರೂವರೆಯಾದರೂ ಬೆಳಕು ಏಳುವ ಲಕ್ಷಣವಿಲ್ಲ,
ಊಟಕ್ಕೆ ಕೂತ ನೆಂಟನ ಹಾಗೆ.
ಆ ಬಟ್ಟಲಿನ ನೀರು ಆರಿದ ಮೇಲೆ
ಅಮ್ಮ ಅದನ್ನು ಚೆಲ್ಲುವುದಿಲ್ಲ, ಕುಡಿಯುತ್ತಾಳೆ.
ಖಾರ ಜಾಸ್ತಿಯಾಯಿತು ಎನ್ನುತ್ತಾಳೆ
ಪ್ರತಿ ಸಲವೂ,
ತನಗೆ ಬಾರದ ಭಾಷೆಯಲ್ಲಿ.