ಅಂಚೆ ಕೋಣೆ, ಬಿಸ್ಮಾರ್ಕ್

ಮೊದಲ ದಿನ ಏಳು ಬಂದವು.
ತೆಳು ಲಕೋಟೆ, ಒಳಗೇನೋ ಗಟ್ಟಿ,
ಅಲ್ಲಾಡಿಸಿದರೆ ಡಬ್ಬಿಯಲ್ಲಿಟ್ಟ ಹಾಲುಹಲ್ಲಿನ ಸದ್ದು.
ಭದ್ರತೆಯ ಹುಡುಗ ಎಕ್ಸ್‌ರೇಗೆ ಹಾಕಿ ನಕ್ಕ:
ಬೀಗದ ಕೈ, ಮಾರ್ವಾ, ಬರೀ ಬೀಗದ ಕೈ.

ಮಂಗಳವಾರ ಇನ್ನೂರು.
ಗುರುವಾರ ಅಂಚೆಯವನು ಚೀಲ ಎಳೆದುಕೊಂಡೇ ಬಂದ.
ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಚೀಟಿ:
ಗವರ್ನರರೇ, ಜೈಲಿನ ಬಾಗಿಲು ತೆಗೆದಿರಿ,
ನಮ್ಮ ಮನೆಯದೂ ನೀವೇ ತೆಗೆದುಬಿಡಿ, ಇಗೋ.

ಲೈಲ್ ಫಿಶ್ಟ್ನರ್‌ಗೆ ಈಗ ಐವತ್ತೆಂಟು.
ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿಗಿದ್ದ
ಜೋಲೀನ್ ಆಮುಂಡ್‌ಗೆ ಹತ್ತೊಂಬತ್ತು,
ಈಗಲೂ.
ನಡುವೆ ಮೂವತ್ತಾರು ಚಳಿಗಾಲ
ಮತ್ತು ಗಲ್ಲಾಪೆಟ್ಟಿಗೆಯ ನೂರಾಹನ್ನೆರಡು ಡಾಲರು.

ಕ್ರಾಗ್ನೆಸ್ ಸಹಿ ಹಾಕಿದ್ದು ಶುಕ್ರವಾರ ಸಂಜೆ,
ಊರಿಗೆ ಊರೇ ಹಾಕಿ ಪಂದ್ಯಕ್ಕೆ ಹೋಗಿದ್ದಾಗ.
ನನಗದು ಹಿಡಿಸಲಿಲ್ಲ. ಸಹಿಯಲ್ಲ, ಆ ಶುಕ್ರವಾರ.
ಈಗ ಮೆಟ್ಟಿಲ ಕೆಳಗೆ ಟ್ರಕ್ಕುಗಳು ಹಾರ್ನು ಒತ್ತುತ್ತವೆ,
ಚರ್ಚಿನ ಹೆಂಗಸರು ಕೂಗುವವರಿಗೆಲ್ಲ
ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ.
ಅವನು ಬಾಯ್ಲರ್ ಕೋಣೆಯ ಹಿಂಬಾಗಿಲಿಂದ ಮನೆಗೆ ಹೋಗುತ್ತಾನೆ,
ಕೋಟಿನ ಕಾಲರು ಎತ್ತಿಕೊಂಡು.
ನಾನು ಎರಡು ಸಲ ಓಟು ಹಾಕಿದ ಮನುಷ್ಯ.

ನಿಯಮ ಹೀಗಿದೆ: ಬಂದದ್ದನ್ನೆಲ್ಲ ಬರೆದಿಡಬೇಕು.
ತಾರೀಕು, ಊರು, ತೂಕ.
ಎರಡು ಸಾವಿರದ ನಾನೂರು ಕೈಗಳು,
ಕುಲುಕಲಿಕ್ಕೆ ಒಂದೂ ಅಲ್ಲ.

ಒಂದು ಮಾತು ಹೇಳಬೇಕು.
ಈ ಬಯಲಲ್ಲಿ ಯಾರೂ ಬೀಗ ಹಾಕುವವರಲ್ಲ.
ಹಿಮಗಾಳಿಯಲ್ಲಿ ಯಾರು ಬಂದು ಕದ ತಟ್ಟುತ್ತಾರೋ ಎಂದು
ಅಜ್ಜಂದಿರ ಕಾಲದಿಂದಲೂ ಬರೀ ಚಿಲಕ.
ಹಾಗಾಗಿ ಕೆಲವರು ಟ್ರ್ಯಾಕ್ಟರಿನದು ಕಳಿಸಿದ್ದಾರೆ,
ಕೆಲವರು ಸೂಟ್‌ಕೇಸಿನದು.
ಒಂದಂತೂ, ಬೆರಳುದ್ದ, ಹಿತ್ತಾಳೆ,
ಪಿಯಾನೋ ಮುಚ್ಚಳದ್ದೇ ಇರಬೇಕು.

ಆರ್ಡಿಸ್ ಆಮುಂಡ್ ಏನನ್ನೂ ಕಳಿಸಲಿಲ್ಲ. ತಾನೇ ಬಂದಳು.
ಬೂಟಿನ ಹಿಮ ಚಾಪೆಗೆ ಒರೆಸಿ, ಬೆಂಚಿನ ಮೇಲೆ ಕೂತು,
ತಂದಿದ್ದ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ನನಗೆ ಕೊಟ್ಟಳು.
ಕ್ಷಮಿಸಲೋ ಬೇಡವೋ ಎಂದು
ಮೂವತ್ತಾರು ವರ್ಷ ಒಬ್ಬಳೇ ಯೋಚಿಸುತ್ತಿದ್ದೆ, ಅಂದಳು.
ಇನ್ನೂ ಮುಗಿದಿರಲಿಲ್ಲ.
ಇವರು ನಡುವೆ ಬಾಯಿ ಹಾಕಿದರು.
ಹೊರಗಿನವರೂ ಅಷ್ಟೆ.
ಆಮೇಲೆ ಬಸ್ಸಿನ ಹೊತ್ತು ಕೇಳಿದಳು.

ಲೈಲ್ ತನ್ನ ಅಕ್ಕನ ಮನೆಯಲ್ಲಿದ್ದಾನಂತೆ.
ರೇಡಿಯೋದಲ್ಲಿ ಅವಳೇ ಹೇಳುತ್ತಿದ್ದಳು:
ಬಚ್ಚಲಿನ ಮುಂದೆ ಹೋಗಿ ನಿಲ್ಲುತ್ತಾನೆ,
ಬಾಗಿಲು ತನಗೆ ತಾನೇ ತೆರೆಯುತ್ತದೇನೋ ಎಂಬಂತೆ.
ನಾನು ಅಲ್ಲಿಗೆ ಆರಿಸಿದೆ.

ಸೋಮವಾರ, ಸಂಖ್ಯೆ ಎರಡು ಸಾವಿರದ ನಾನೂರ ಹದಿನೆಂಟು.
ಕಳಿಸಿದವರ ವಿಳಾಸವಿಲ್ಲ.
ಬಿ ಅಕ್ಷರದ ಹೊಟ್ಟೆ ಹರಿದುಕೊಂಡ ಬರವಣಿಗೆ,
ಮೂವತ್ತು ವರ್ಷದ ದಿನಸಿ ಪಟ್ಟಿಗಳ ಬರವಣಿಗೆ.
ಕೀಲಿಯ ತಲೆಗೆ ನೀಲಿ ಬಣ್ಣದ ಚುಕ್ಕೆ;
ದೋಣಿಗೆ ಬಳಿದು ಮಿಕ್ಕಿದ್ದನ್ನು
ನಾನೇ ಹಚ್ಚಿದ್ದು, ಗುರುತಿಗೆ.

ತೂಗಿದೆ. ಒಂಬತ್ತು ಗ್ರಾಂ. ಬರೆದೆ.
ಊರು ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ತಡೆಯಿತು.
ಅದನ್ನೂ ಬರೆದೆ.

ಸಂಜೆ ಆರಕ್ಕೆ ನಮ್ಮ ಮೆಟ್ಟಿಲ ಮೇಲೆ ನಿಂತಿದ್ದೇನೆ.
ಒಳಗೆ ದೀಪವಿದೆ, ಟಿವಿಯ ಗಲಾಟೆ,
ವರ್ಡೆಲ್ ಈರುಳ್ಳಿ ಹುರಿಯುತ್ತಿರುವ ವಾಸನೆ.
ಬೀಗ ಹಾಕಿಲ್ಲ. ಎಂದೂ ಹಾಕಿಲ್ಲ.
ತಳ್ಳಿದರಾಯಿತು, ಗೊತ್ತು.
ಕೈಗವಸಿನ ಮೇಲೆ ಹಿಮ ಕೂರುತ್ತಿದೆ.