ಮೂರನೆಯ ಸಾಲು

ಮನೆಯಲ್ಲಿ ಕರಿಬಸಮ್ಮ, ಪೋಸ್ಟರಿನಲ್ಲಿ ಸ್ವರಸುಧಾ.
ಜರಿಸೀರೆ ಬಾಡಿಗೆಯದು, ಮೈಕು ಹಾಲೇಶಣ್ಣನದು,
ದನಿಯೊಂದೇ ಸ್ವಂತ.
ಹದಿನೇಳು ವರ್ಷ ನಮ್ಮ ರಸಮಂಜರಿಯ ಮೆಟಡೋರು
ದಾವಣಗೆರೆ ರೈಲ್ವೆ ಗೇಟಿನಲ್ಲಿ ಅರ್ಧ ಗಂಟೆ ನಿಂತು,
ಜಗಳೂರಿಗೋ ಹರಪನಹಳ್ಳಿಗೋ ಹೋಗಿ
ಗಣಪತಿಯ ಮುಂದೆ, ರಾಜ್ಯೋತ್ಸವದ ಬಾವುಟದ ಕೆಳಗೆ
ಡ್ರಮ್ಮು ಇಳಿಸುತ್ತಿತ್ತು.

ಒಂಬತ್ತೂವರೆಗೆ ನನ್ನ ಹಾಡು.
ಕಣ್ಣು ಮುಚ್ಚಿ, ಹೊಕ್ಕುಳಿಂದ ಉಸಿರೆತ್ತಿ:

    ಯಾರ ಹೆಸರ ಬರೆದು ಹೋದೆ ಮರಳ ಮೇಲೆ, ಗಾಳಿಯೇ
    ನಿನ್ನ ದಾರಿ ಕಾದ ಕಣ್ಣು ಬತ್ತಿಹೋದ ಬಾವಿಯೇ

ಜನ ಕೇಳುತ್ತಿದ್ದರು,
ಶೇಂಗಾ ಸುಲಿಯುವುದನ್ನು ನಿಲ್ಲಿಸದೆ,
ಬಸ್ಸು ಬರುವ ತನಕ ಯಾರದೋ ಕಷ್ಟ ಕೇಳಿಸಿಕೊಳ್ಳುವವರ ಹಾಗೆ.
ಅವರ ಬಸ್ಸು ಬುಡೇನ್.

ಹಗಲೆಲ್ಲ ಆಜಾದ್ ನಗರದ ಭಟ್ಟಿಯಲ್ಲಿ ಮಂಡಕ್ಕಿ ಹುರಿದು
ಹುಬ್ಬಿನ ಮಸಿಯನ್ನೂ ತೊಳೆಯದೆ ಬರುತ್ತಿದ್ದ.
‘ಮೇಕಪ್ಪಿನ ಖರ್ಚು ಉಳೀತಲ್ಲಕ್ಕಾ.’
ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಸಾಕ್ಸು,
ತಲೆಗೆ ಕಿರೀಟದ ಹಾಗೆ ಅಳತೆಯ ಸೇರು.
ಕೀಬೋರ್ಡಿನ ಚಮನ್ ಅದೇ ರಾಗ ಮತ್ತೆ ಎತ್ತಿದನೆಂದರೆ
ನನ್ನ ಉಸಿರಿನ್ನೂ ಆರದ ಮೈಕಿನಲ್ಲೇ

    ಯಾರು ಖಾರ ಸುರಿದು ಹೋದ್ರು ನನ್ನ ಪಾಲ ಮಿರ್ಚಿಗೇ
    ನೀರು ಎಲ್ಲಿ, ನೀರು ಎಲ್ಲಿ, ಅಣ್ಣ, ನಲ್ಲಿ ಒಣಗಿದೆ

ಬಿದ್ದು ಬಿದ್ದು ನಗುತ್ತಿದ್ದರು.
ಮುರಿದ ಕುರ್ಚಿಗಳ ಲೆಕ್ಕ ಹಾಲೇಶಣ್ಣನ ಡೈರಿಯಲ್ಲಿದೆ.
ನಾನು ಪರದೆಯ ಹಿಂದೆ
ಸೆರಗಿನ ಪಿನ್ನು ಕಿತ್ತು ಚುಚ್ಚಿ, ಕಿತ್ತು ಚುಚ್ಚಿ.
ಒಂದಿನ ತಡೆಯಲಾರದೆ ಅಂದೇ ಬಿಟ್ಟೆ:
ನನ್ನ ಹಾಡು ಸುಡ್ತೀಯಲ್ಲೋ ದಿನಾ ರಾತ್ರಿ.
‘ನಿಂದು ಅಕ್ಕಿ, ನಂದು ಮಂಡಕ್ಕಿ.
ಅಕ್ಕೀನೇ ಅಲ್ವೇನಕ್ಕಾ ಅದೂ?
ಉಸುಕಲ್ಲಿ ಒಂಚೂರು ಹೊಳ್ಳಾಡಿ ಬಂದದ್ದು.’

ಹನ್ನೊಂದನೆಯ ವರ್ಷವೋ ಏನೋ, ಆಗ ಗಮನಿಸಿದೆ.
ಮೂರನೆಯ ಸಾಲಿಗೆ ಬಂದಾಗ ಸೇರು ಇಳಿಸಿ
ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ,
ನಾನು ಹಾಡಿದ ಹಾಗೇ ಹಾಡುತ್ತಿದ್ದ, ಒಂದಕ್ಷರ ತಿರುಚದೆ:

    ಹೇಳದೇನೆ ಉಳಿದ ಮಾತು ಹೇಳಿದಂತೆ ಕೇಳಿದೆ

ಅದೂ ಒಂದು ತಮಾಷೆಯೆಂದು
ಜನ ಅಲ್ಲೇ ಹೆಚ್ಚು ನಗುತ್ತಿದ್ದರು.
ವಾಪಸು ಬರುವಾಗ ಕೇಳಿದೆ, ಅದನ್ನ್ಯಾಕೆ ಬಿಟ್ಟೆ?
‘ಪ್ರಾಸ ಸಿಗಲಿಲ್ಲಕ್ಕಾ.’
ಟ್ರಾನ್ಸ್‌ಫಾರ್ಮರಿಗೆ ಪ್ರಾಸ ಹುಡುಕಿದವನು!
ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವನಂತೆ ಕೂತ.
ನಾನೂ ಎಬ್ಬಿಸಲಿಲ್ಲ.

ಆಮೇಲೆ ಡೀಜೆ ಬಂತು. ಮೆಟಡೋರು ಗುಜರಿಗೆ ಹೋಯಿತು.
ಹೊಗೆ ಕುಡಿದು ಕುಡಿದು ಬುಡೇನನ ಗಂಟಲು ಕಟ್ಟಿತು,
ಈಗ ಪಿಸುಮಾತಷ್ಟೇ.
ನಾನು ನಿಟುವಳ್ಳಿಯಲ್ಲಿ ಸೀರೆಗೆ ಫಾಲು ಹಚ್ಚುತ್ತೇನೆ.

ಮೊನ್ನೆ ಚಮನ್ ಮಗಳ ಮದುವೆ.
ಒಂದು ಹಳೇ ಹಾಡು ಹಾಡಕ್ಕಾ, ಎಂದು ಮೈಕು ಹಿಡಿಸಿದರು.
ಕಣ್ಣು ಮುಚ್ಚಿದೆ. ಹೊಕ್ಕುಳಿಂದ ಉಸಿರೆತ್ತಿದೆ.
ಬಾಯಿಂದ ಬಂದದ್ದು:
ಯಾರು ಖಾರ ಸುರಿದು ಹೋದ್ರು...
ತಿದ್ದಿಕೊಳ್ಳೋಣವೆಂದರೆ ಗಾಳಿ, ಮರಳು, ಒಂದೂ ನೆನಪಿಗೆ ಬಾರದು.
ಎರಡನೆಯದೂ ಅವನದೇ ಬಂತು. ಮಕ್ಕಳು ಕುಣಿದರು.
ಮೂರನೆಯದು ಮಾತ್ರ ತಾನಾಗಿ ಬಂತು,
ಎಲ್ಲಿತ್ತೋ ಅಲ್ಲಿಂದ,
ಮತ್ತೆ ಅದೇ ನಗು ಎದ್ದಿತು.

ರಾತ್ರಿ ಫೋನು ಮಾಡಿ ಹೇಳಿದೆ.
ಆ ಕಡೆ ಬಹಳ ಹೊತ್ತು ಬರೀ ಗೊರಗೊರ,
ಕೆಮ್ಮೋ ನಗುವೋ ತಿಳಿಯಲಿಲ್ಲ.
ಕೊನೆಗೆ ಪಿಸುಗುಟ್ಟಿದ:
‘ಹಂಗಾದ್ರೆ ಎರಡು ಸಾಲಿನ ರೊಕ್ಕ ನಂಗೆ ಬರ್ಬೇಕು.’
ಮಾರನೆಯ ದಿನವೇ ಕಳಿಸಿದೆ, ಇನ್ನೂರು ರೂಪಾಯಿ.

ಇವತ್ತು ಬೆಳಗ್ಗೆ ಆಟೋದವನು ಬಾಗಿಲಿಗೆ ತಂದು ಹಾಕಿದ,
ಒಂದು ಮೂಟೆ ಮಂಡಕ್ಕಿ, ನನ್ನೆತ್ತರದ್ದು.
ಒಂದೇ ಕೈಯಲ್ಲಿ ಎತ್ತಿದೆ.
ಇಡುವುದೆಲ್ಲಿ? ಅಡುಗೆಮನೆಗೆ ಹಿಡಿಸಲಿಲ್ಲ.
ಹೊಲಿಗೆ ಮಿಷನ್ನು ಗೋಡೆಗೆ ಸರಿಸಿ,
ಅದನ್ನು ಒಳಗೆ ಕೂರಿಸಿ,
ನಾನು ಹೊಸ್ತಿಲ ಮೇಲೆ ಕೂತು ಫಾಲು ಹಚ್ಚುತ್ತಿದ್ದೇನೆ.