ಹನ್ನೆರಡು ಪಾಯಿಂಟ್ ನಾಲ್ಕು

ಬಣ್ಣದ ಮೇಲೆ ಬಣ್ಣ, ಐದು ಸಲ ಬಳಿದಿದ್ದಾರೆ.
ಫಲಕದ ಅಕ್ಷರಗಳು ಊದಿಕೊಂಡು ಮುಚ್ಚಿಹೋಗಿವೆ.
ಚಾಕುವಿನ ತುದಿಯಲ್ಲಿ ಕೆರೆದೆ: ಮೊದಲು ಹಸಿರು, ಆಮೇಲೆ ಬೂದಿ,
ಆಮೇಲೆ ಯಾರೋ ಅವಸರದಲ್ಲಿ ಹಚ್ಚಿದ ಬೆಳ್ಳಿ,
ಕೊನೆಗೆ ನೋಂದಣಿ ಸಂಖ್ಯೆ, ಇಸವಿ ಎಪ್ಪತ್ನಾಲ್ಕು.
ನನಗಿಂತ ಮೂರು ವರ್ಷ ಹಿರಿಯ ಈ ಪಾತ್ರೆ.

ಸ್ಮೋಕಿ ಲೇಕ್ ಊರಿನಾಚೆ, ಕಂಪ್ರೆಸರ್ ಶೆಡ್ಡಿನ ಹಿಂದೆ,
ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ರೆಪ್ಪೆಗೆ ರೆಪ್ಪೆ ಅಂಟುತ್ತದೆ.
ಮೀಟರಿಗೆ ಬೇಕಾದ ಜೆಲ್ ಹೆಪ್ಪುಗಟ್ಟದಿರಲೆಂದು
ಲಯಲ್ ಕಾರ್ಡಿನಲ್ ಅದನ್ನು ಕೋಟಿನೊಳಗೆ, ಕಂಕುಳಲ್ಲಿ,
ಬೆಕ್ಕಿನ ಮರಿಯ ಹಾಗೆ ಇಟ್ಟುಕೊಂಡು ನಿಂತಿದ್ದಾನೆ.
ಒತ್ತಿ ಹಿಡಿದೆ. ಅಂಕಿ ತಡವರಿಸಿತು. ನಿಂತಿತು.
ಹನ್ನೆರಡು ಪಾಯಿಂಟ್ ನಾಲ್ಕು.
ಇರಲೇಬೇಕಾದದ್ದು ಹನ್ನೆರಡು ಪಾಯಿಂಟ್ ಏಳು.
"ಇನ್ನೊಮ್ಮೆ ನೋಡೋಣ" ಅಂದ ಲಯಲ್.
ನೋಡಿದೆವು. ಇನ್ನೂ ಒಮ್ಮೆ. ಬ್ಯಾಟರಿ ಬದಲಿಸಿ ಮತ್ತೊಮ್ಮೆ.

ರಾತ್ರಿ ಹಳೆಯ ಫೈಲು ಬಿಚ್ಚಿ ಕೂತೆ.
ತೊಂಬತ್ಮೂರರಲ್ಲಿ ಆರು ಕಡೆ ಅಳೆದಿದ್ದಾರೆ, ಆರು ಅಂಕಿ.
ತೊಂಬತ್ತೆಂಟರಲ್ಲಿ ಅವೇ ಆರು, ಅದೇ ಸಾಲಿನಲ್ಲಿ, ದಶಮಾಂಶವೂ ಅದೇ.
ಐದು ವರ್ಷ ಗ್ಯಾಸು, ಕೆಸರು, ಉಪ್ಪುನೀರು ಉಜ್ಜಿದರೂ
ಕೂದಲೆಳೆಯಷ್ಟೂ ಸವೆಯದ ಉಕ್ಕು ಎಲ್ಲಿಯದು?
ಸವೆತದ ವೇಗ: ಸೊನ್ನೆ. ಕೆಳಗೆ ಸಹಿ: ಒರೆಸ್ಟ್ ಹ್ನಾತ್ಯುಕ್.
ಆ ಸೊನ್ನೆಯನ್ನು ಅಡಿಪಾಯ ಮಾಡಿಕೊಂಡು
ಬಂದವರೆಲ್ಲ ಗಡುವು ಮುಂದಕ್ಕೆ ಹಾಕಿದ್ದಾರೆ,
ಹೊರಗಿನಿಂದ ನೋಡಿದರೆ ಸಾಕು ಎಂದು ಬರೆದಿದ್ದಾರೆ.
ಅವುಗಳಲ್ಲೊಂದು ಸಹಿ ನನ್ನದು.

ಭಾನುವಾರ ಅವನ ಮನೆಗೆ ಹೋದೆ.
ಎಂಬತ್ತೊಂದು ವರ್ಷ, ಕಿವಿಗೆ ಯಂತ್ರ,
ಗಸಗಸೆ ತುಂಬಿದ ರೊಟ್ಟಿಯ ಸುರುಳಿ ಕೊಯ್ದು ಕೊಟ್ಟ.
ಪುಟ ತೋರಿಸಿದೆ. ಕನ್ನಡಕ ಹುಡುಕಲು ಎದ್ದುಹೋದವನು
ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.
"ಅವತ್ತು ಮೀಟರು ಸತ್ತಿತ್ತು" ಅಂದ.
"ಊರಿಗೆ ಹೋಗಿ ಬರಲು ಎರಡು ಗಂಟೆ, ಹಿಮದ ಬಿರುಗಾಳಿ.
ವಸಂತಕ್ಕೆ ಬಂದು ಅಳೆಯೋಣ ಅಂದುಕೊಂಡೆ."
ಯಾವ ವಸಂತ ಎಂದು ನಾನು ಕೇಳಲಿಲ್ಲ.
"ಈಗೆಷ್ಟು?"
ಹೇಳಿದೆ.
ಚಾಕುವನ್ನು ಬಟ್ಟೆಯಲ್ಲಿ ಒರೆಸಿದ, ಒರೆಸಿದ್ದನ್ನೇ ಒರೆಸಿದ.

ಅವನ ಆ ಒಂದು ಸಾಲನ್ನು
ಇಷ್ಟು ವರ್ಷ ಪಾತ್ರೆ ಹೊಟ್ಟೆಗೆ ಹಾಕಿಕೊಂಡಿತ್ತು.
ಪಕ್ಕದಲ್ಲೇ ಲಯಲ್ ಊಟದ ಡಬ್ಬಿ ಬಿಚ್ಚುತ್ತಿದ್ದ,
ಅವನಿಗಿಂತ ಮೊದಲು ಅವನ ಅತ್ತೆ.

ಸೋಮವಾರ ಮೇಲಿನವರ ಫೋನು:
ಚಳಿಗಾಲ ಕಳೆಯಲಿ, ಒತ್ತಡ ಸ್ವಲ್ಪ ತಗ್ಗಿಸಿ ಓಡಿಸಬಹುದಲ್ಲ,
ಕೊರತೆ ಎಷ್ಟು, ಪಾಯಿಂಟ್ ಮೂರು ತಾನೆ?
ಲೆಕ್ಕ ಹಾಕಿ, ಎಂಜಿನಿಯರ್ ಮುದ್ರೆ ಒತ್ತಿ ಕಳಿಸಿ ಅಂದೆ,
ಅಲ್ಲಿಯವರೆಗೆ ಇದು ಬಂದ್.
ದನಿ ನಡುಗಿತು. ಚಳಿಯೆಂದು ತಿಳಿದಿರಬೇಕು ಅವರು.

ವಾಲ್ವ್ ಮುಚ್ಚಿ, ಸರಪಳಿ ಸುತ್ತಿ, ಲಯಲ್ ಬೀಗ ಹಾಕಿದ;
ನನ್ನ ಬೀಗ ಅದರ ಪಕ್ಕಕ್ಕೆ.
ಒಳಗಿದ್ದದ್ದು ಚಿಮಣಿಯ ಕಡೆ ಹೊರಟಿತು,
ಮೊದಲು ಕೂಗು, ಆಮೇಲೆ ಸಿಳ್ಳೆ, ಆಮೇಲೆ ಉಸಿರು.
ಮುಳ್ಳು ಇಳಿದು ಇಳಿದು ಸೊನ್ನೆಗೆ ಬಂತು.
ಬೆರಳಿನಿಂದ ಗಾಜು ತಟ್ಟಿದೆ.
ಹಳೇ ಮುಳ್ಳುಗಳು ಅಂಟಿಕೊಳ್ಳುವುದುಂಟು.

ಜೇಬಿನಲ್ಲಿ ಫೋನು ನಡುಗುತ್ತಿತ್ತು. ಹ್ನಾತ್ಯುಕ್.
"ನಿಲ್ಲಿಸಿದಿರಾ?" ಅಂದ. ನಿಲ್ಲಿಸಿದೆವು ಅಂದೆ.
"ಇನ್ನುಳಿದ ಐದು ಕಡೆ?"
ಈಗ ಅಳೆಯಬೇಕು ಅಂದೆ.
ಅವನು ಫೋನು ಇಡಲಿಲ್ಲ.
ಲಯಲ್ ಕಂಕುಳಿಂದ ಬಾಟಲಿ ತೆಗೆದ.